ಶೆಡ್ಡಿನಲ್ಲಿ ಕೇಳಿದ ಪಾಠಗಳು

ಮೊದಲಿಗೆ ಓದುಗರ ಕ್ಷಮೆ ಕೋರುತ್ತೇನೆ. ನಾನು ಲೇಖಕಿಯಲ್ಲ. ಇದುವರೆಗೆ ಬರೆದದ್ದೆಂದರೆ ಒಂದು ಸಂಶೋಧನಾ ಪ್ರಬಂಧ. ಅದರಲ್ಲಿ ‘ನಾನು’ ಎಂಬ ಪದ ಎಲ್ಲಿಯೂ ಬರಕೂಡದೆಂದು ನನಗೆ ಕಲಿಸಲಾಗಿತ್ತು. ಈಗ ಆ ಪದವಿಲ್ಲದೆ ಹೇಳಲಾಗದ ಸಂಗತಿಯನ್ನು ಹೇಳಹೊರಟಿರುವುದರಿಂದ ಕೈ ತಡವರಿಸುತ್ತಿದೆ. ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದ ಮೊದಲನೆಯವಳು ನಾನು. ಬರೆದದ್ದನ್ನು ಓದಿ ‘ಇಲ್ಲಿ ತಪ್ಪಿದೆ’ ಎಂದು ಹೇಳುವ ಹಿರಿಯರು ಮನೆಯಲ್ಲಿರಲಿಲ್ಲ. ಹೇಳಿದವರೆಲ್ಲ ಹೊರಗಿನವರು, ಅವರು ಹೇಳಿದ ರೀತಿಯಿಂದಾಗಿ ಇಂದಿಗೂ ಒಂದು ವಾಕ್ಯವನ್ನು ಹಲವು ಸಲ ಓದದೆ ಮುಂದೆ ಹೋಗಲು ನನಗೆ ಧೈರ್ಯವಾಗುವುದಿಲ್ಲ. ಆದರೂ ಎಲ್ಲಿಯಾದರೂ ದೋಷ ಉಳಿದಿದ್ದರೆ, ಅಥವಾ ಕೋಪದಲ್ಲಿ ಮಾತು ಹದ ತಪ್ಪಿದ್ದರೆ, ಮನ್ನಿಸಬೇಕು.

ನನ್ನ ಸಂಶೋಧನೆಯ ವಿಷಯ ವಿಶ್ವವಿದ್ಯಾಲಯದ ಬೋಧನೆಯಲ್ಲಿ ಆನ್‌ಲೈನ್ ಕಲಿಕೆ ಮತ್ತು ಮಿಶ್ರ ಕಲಿಕೆ. ಮಿಶ್ರ ಕಲಿಕೆ ಎಂದರೆ ವಿದ್ಯಾರ್ಥಿಗಳು ವಾರದಲ್ಲಿ ಕೆಲವು ದಿನ ತರಗತಿಗೆ ಬರುವುದು, ಉಳಿದ ದಿನ ಇದ್ದಲ್ಲಿಯೇ ಮೊಬೈಲಿನಲ್ಲಿ ಪಾಠದ ವಿಡಿಯೊ ನೋಡುವುದು. ಕೊರೊನಾ ಕಾಲದಲ್ಲಿ ಅನಿವಾರ್ಯವಾಗಿ ಬಂದ ಪದ್ಧತಿ ಆಮೇಲೆ ಸುಧಾರಣೆ ಎಂಬ ಹೆಸರಿನಲ್ಲಿ ಉಳಿದುಕೊಂಡಿತು. ನನ್ನ ಮಾರ್ಗದರ್ಶಕರು ಈ ಪ್ರಯೋಗಕ್ಕೆ ಎರಡು ಪದವಿ ಕಾಲೇಜುಗಳನ್ನು ಆರಿಸಿಕೊಂಡರು: ಒಂದು ಬಬಲೇಶ್ವರದಲ್ಲಿ, ಇನ್ನೊಂದು ತಿಕೋಟಾದಲ್ಲಿ. ತಿಕೋಟಾ ನನ್ನ ಊರು. ಅಲ್ಲಿಯ ಕಾಲೇಜಿನಲ್ಲಿ ನನ್ನ ತಂಗಿ ಬಿ.ಎ. ಕೊನೆಯ ವರ್ಷದಲ್ಲಿದ್ದಳು. ಇದನ್ನು ನಾನು ಆರಂಭದಲ್ಲಿಯೇ ಮಾರ್ಗದರ್ಶಕರಿಗೆ ತಿಳಿಸಿದ್ದೆ. ಊರಿನ ಪರಿಚಯವಿದ್ದರೆ ಕ್ಷೇತ್ರಕಾರ್ಯ ಸುಲಭವಾಗುತ್ತದೆ, ಒಳ್ಳೆಯದೇ ಆಯಿತು ಎಂದು ಅವರು ಹೇಳಿದ್ದರು. ಆ ಮಾತನ್ನು ಇಲ್ಲಿ ದಾಖಲಿಸುವುದು ಅಗತ್ಯವೆಂದು ಭಾವಿಸುತ್ತೇನೆ.

ಅಪ್ಪ ಗೌಂಡಿ, ಮನೆ ಕಟ್ಟುವ ಗಾರೆ ಕೆಲಸದವನು. ಅವ್ವ ದ್ರಾಕ್ಷಿಯ ಸುಗ್ಗಿ ಬಂದರೆ ಒಣದ್ರಾಕ್ಷಿಯ ಶೆಡ್ಡಿಗೆ ಹೋಗುತ್ತಿದ್ದಳು. ನಮ್ಮ ಕಡೆ ಒಣದ್ರಾಕ್ಷಿಗೆ ಮಣೂಕ ಎನ್ನುತ್ತಾರೆ. ಕಡ್ಡಿ ಕಿತ್ತು, ಕಪ್ಪಾದದ್ದನ್ನು ಬೇರೆ ಮಾಡಿ, ಬಣ್ಣ ನೋಡಿ ಆರಿಸುವುದು ಹೆಂಗಸರ ಕೆಲಸ. ತಂಗಿಯೂ ತರಗತಿ ಇಲ್ಲದ ದಿನ ಅವ್ವನ ಜೊತೆಗೆ ಹೋಗುತ್ತಿದ್ದಳು. ಅವಳ ಬಗ್ಗೆ ಮನೆಯಲ್ಲಿ ಒಂದು ನಿರ್ಧಾರವಾಗಿತ್ತು. ಡಿಗ್ರಿ ಮುಗಿದ ಕೂಡಲೇ ವಿಜಯಪುರಕ್ಕೆ ಬಂದು, ಜಲನಗರದಲ್ಲಿದ್ದ ನನ್ನ ಬಾಡಿಗೆ ಕೋಣೆಯಲ್ಲಿದ್ದುಕೊಂಡು ಬಿ.ಎಡ್. ಮಾಡಬೇಕು, ಹೈಸ್ಕೂಲಿನ ಶಿಕ್ಷಕಿಯಾಗಬೇಕು. ಅಪ್ಪನನ್ನು ಒಪ್ಪಿಸುವಷ್ಟರಲ್ಲಿ ನಮ್ಮಿಬ್ಬರಿಗೂ ಸಾಕಾಗಿತ್ತು. ಒಪ್ಪುವಾಗ ಅವನು ಹಾಕಿದ ಷರತ್ತು ಒಂದೇ: ನಡುವೆ ಎಲ್ಲಿಯೂ ನಿಲ್ಲಬಾರದು; ಒಮ್ಮೆ ನಿಂತರೆ ಮತ್ತೆ ಕಳಿಸುವ ಮಾತಿಲ್ಲ. ಕನಮಡಿಯಿಂದ ಬಂದಿದ್ದ ಒಂದು ಸಂಬಂಧವನ್ನು ಇದೇ ಕಾರಣಕ್ಕೆ ತಡೆದು ಇಟ್ಟಿದ್ದರು. ಆದ್ದರಿಂದ ಕೊನೆಯ ಸೆಮಿಸ್ಟರಿನ ಪರೀಕ್ಷೆಗೆ ಕೂಡುವುದರ ಮೇಲೆಯೇ ತಂಗಿಯ ಮುಂದಿನದೆಲ್ಲ ನಿಂತಿತ್ತು. ಒಮ್ಮೆ ನನ್ನ ಕೋಣೆಗೆ ಬಂದಾಗ ಅವಳು ಕಿಟಕಿಯ ಕೆಳಗಿನ ಜಾಗವನ್ನು ಗೇಣು ಹಾಕಿ ಅಳೆದಳು.

“ನನ್ನ ಟ್ರಂಕ್ ಇಲ್ಲಿ, ಹಾಸಗಿ ಇಲ್ಲಿ. ನಿನ್ನ ಪುಸ್ತಕ ಎಲ್ಲಾ ಆ ಕಡೆ ಸರಸಬೇಕು ನೋಡಕ್ಕಾ. ಈಗ ಹೇಳೇನಿ, ಆಮ್ಯಾಲ ಜಗಳಾ ತಗೀಬ್ಯಾಡ.”

ಪ್ರಯೋಗದ ವ್ಯವಸ್ಥೆಯನ್ನೂ ಸ್ವಲ್ಪ ವಿವರಿಸಬೇಕು. ಪ್ರತಿಯೊಬ್ಬ ವಿದ್ಯಾರ್ಥಿಗೂ ಪೋರ್ಟಲಿನಲ್ಲಿ ಒಂದು ಲಾಗಿನ್ ಕೊಡಲಾಗಿತ್ತು. ವಿಡಿಯೊ ನಡೆಯುತ್ತಿರುವಾಗ ಆಗಾಗ ತೆರೆಯ ಮೇಲೆ ಒಂದು ಬಟನ್ ಬರುತ್ತಿತ್ತು. ಅದನ್ನು ಒತ್ತಿದರೆ ವಿದ್ಯಾರ್ಥಿ ಪಾಠ ಕೇಳುತ್ತಿದ್ದಾನೆ ಎಂದು ಯಂತ್ರ ಬರೆದುಕೊಳ್ಳುತ್ತಿತ್ತು. ಆ ದಿನಗಳ ಹಾಜರಿಯನ್ನು ಯಂತ್ರವೇ ಹಾಕುತ್ತಿತ್ತು. ತರಗತಿಯ ಹಾಜರಿ ಮತ್ತು ಪೋರ್ಟಲಿನ ಹಾಜರಿ ಎರಡೂ ಸೇರಿ ಸಾಕಷ್ಟಾದರೆ ಮಾತ್ರ ಪರೀಕ್ಷೆಯ ಹಾಲ್ ಟಿಕೆಟ್.

ಮಾರ್ಗದರ್ಶಕರು ಅತ್ಯಂತ ಸಭ್ಯರು. ಅವರು ದನಿ ಎತ್ತಿ ಮಾತನಾಡಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ನಾನು ಮರೆತು ‘ಸಾಲಿ’ ಎಂದರೆ ಮುಗುಳ್ನಕ್ಕು ‘ಶಾಲೆ’ ಎಂದು ತಿದ್ದುತ್ತಿದ್ದರು. ತಿದ್ದಿದ್ದಕ್ಕೆ ನಾನು ಧನ್ಯವಾದ ಹೇಳುತ್ತಿದ್ದೆ. ಹೀಗೆ ತಿದ್ದಿಸಿಕೊಳ್ಳುತ್ತಾ ಬಂದ ನನಗೆ ಅವರ ಎದುರಿಗೆ ಮಾತನಾಡುವ ಮೊದಲು ವಾಕ್ಯವನ್ನು ಮನಸ್ಸಿನಲ್ಲಿಯೇ ಕಟ್ಟಿಕೊಳ್ಳುವ ರೂಢಿಯಾಗಿತ್ತು. ಅಷ್ಟರಲ್ಲಿ ಅವರ ಮಾತು ಮುಂದೆ ಹೋಗಿರುತ್ತಿತ್ತು.

ಬಬಲೇಶ್ವರದ ಅಂಕಿಅಂಶಗಳು ಸೊಗಸಾಗಿ ಬಂದವು. ಅಲ್ಲಿ ವಿದ್ಯಾರ್ಥಿಗಳು ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿಯೇ ವಿಡಿಯೊ ಹಚ್ಚುತ್ತಿದ್ದರು. ನಾನು ಹೋಗಿ ನೋಡಿದಾಗ ಎಲ್ಲ ಕಂಪ್ಯೂಟರುಗಳಲ್ಲಿಯೂ ಪಾಠ ನಡೆಯುತ್ತಿತ್ತು. ಕೋಣೆಯಲ್ಲಿ ಒಬ್ಬನೇ ವಿದ್ಯಾರ್ಥಿ ಇದ್ದ. ಉಳಿದವರು ಚಹಾದಂಗಡಿಯಲ್ಲಿದ್ದರು. ಅವನು ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಾಡುತ್ತಾ ಎಲ್ಲರ ಬಟನ್ ಒತ್ತುತ್ತಿದ್ದ. ನನ್ನನ್ನು ಕಂಡು ಗಾಬರಿಯಾಗಲಿಲ್ಲ. “ನೀವೂ ಒಂದೆರಡ ಒತ್ರಿ ಮೇಡಂ, ಕೈ ನೋಯಾಕತ್ತಾವ” ಎಂದ. ಇದನ್ನು ವರದಿಯಲ್ಲಿ ಬರೆದೆ. ಅದು ಅಪವಾದಾತ್ಮಕ ಸಂದರ್ಭವೆಂದು ಮಾರ್ಗದರ್ಶಕರು ಪಕ್ಕದಲ್ಲಿ ಗುರುತು ಹಾಕಿದರು. ಬಬಲೇಶ್ವರದ ವಿದ್ಯಾರ್ಥಿಗಳು ‘ಅತ್ಯಂತ ತೊಡಗಿಕೊಂಡ ಕಲಿಯುವವರು’ ಎಂಬ ವರ್ಗಕ್ಕೆ ಸೇರಿದರು.

ತಿಕೋಟಾದ್ದು ಕಳಪೆಯಾಗಿತ್ತು, ವಿಶೇಷವಾಗಿ ಹೆಣ್ಣುಮಕ್ಕಳದು. ಯಾಕೆ ನೋಡುವುದಿಲ್ಲವೆಂದು ತಿಳಿದು ಬರಲು ನನ್ನನ್ನು ಕಳಿಸಿದರು. ತಂಗಿ ಮನೆಯಲ್ಲಿರಲಿಲ್ಲ. ಶೆಡ್ಡಿನಲ್ಲಿದ್ದಾಳೆಂದು ಪಕ್ಕದ ಮನೆಯವರು ಹೇಳಿದರು. ಮಧ್ಯಾಹ್ನದ ಬಿಸಿಲಿನಲ್ಲಿ ಅಲ್ಲಿಗೆ ಹೋದೆ.

ಶೆಡ್ಡು ಊರ ಹೊರಗಿನ ದಿಬ್ಬದ ಮೇಲಿದೆ. ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ದ್ರಾಕ್ಷಿ ಒಣಗುತ್ತಿರುತ್ತದೆ. ಗಾಳಿ ನಾಲ್ಕೂ ಕಡೆಯಿಂದ ಆಡುತ್ತದೆ. ನಮ್ಮ ಓಣಿಯಲ್ಲಿ ಸಿಗದ ನೆಟ್‌ವರ್ಕ್ ಅಲ್ಲಿ ಸಿಗುತ್ತದೆ. ಅವ್ವ ಮತ್ತು ಬೇರೆ ಹೆಂಗಸರು ಒಂದು ಸಾಲಿನಲ್ಲಿ ಕುಳಿತು ಆರಿಸುತ್ತಿದ್ದರು. ಅವರ ಎದುರಿಗೆ ನನ್ನ ತಂಗಿ, ಅವಳ ತರಗತಿಯ ಇನ್ನೂ ನಾಲ್ವರು. ನಡುವೆ ಮಣೂಕದ ರಾಶಿಗೆ ಆನಿಸಿಟ್ಟ ಒಂದೇ ಮೊಬೈಲು. ಅದರಲ್ಲಿ ಅರ್ಥಶಾಸ್ತ್ರದ ಪಾಠ ನಡೆಯುತ್ತಿತ್ತು. ಕೈಗಳು ಕಡ್ಡಿ ಕೀಳುತ್ತಿದ್ದವು, ಕಿವಿಗಳು ಪಾಠದಲ್ಲಿದ್ದವು. ವಿಡಿಯೊದಲ್ಲಿ ಬೇಡಿಕೆಯ ಸ್ಥಿತಿಸ್ಥಾಪಕತ್ವ ಎಂಬ ಮಾತು ಬಂತು. ಯಾರೋ ‘ನಿಲ್ಲಸ ಲೇ, ತಿಳೀಲಿಲ್ಲ’ ಎಂದರು. ಮೊಬೈಲು ನಿಂತಿತು. ತಂಗಿ ಹೇಳತೊಡಗಿದಳು.

“ಉಪ್ಪಿನ ರೇಟ್ ಏರಿದ್ರ ಸಾರಿಗೆ ಉಪ್ಪು ಹಾಕೂದು ಬಿಡ್ತೀಯೇನು? ಬಿಡೂದಿಲ್ಲ. ಮಣೂಕದ ರೇಟ್ ಏರಿದ್ರ? ಪಾಯಸಕ್ಕ ಹಾಕದಿದ್ರೂ ನಡೀತದ. ಅಷ್ಟ ನೋಡು, ಒಂದು ಜಗ್ಗಿದ್ರ ಹಿಗ್ಗೂದಿಲ್ಲ, ಒಂದು ಹಿಗ್ಗತದ.”

ಹೆಂಗಸರ ಸಾಲಿನಿಂದ ಒಬ್ಬಳು, ಸೋವಿಯಾದರೆ ತಾನೂ ಮಣೂಕ ತಿನ್ನಬಹುದಿತ್ತು, ಈಗ ಬರೀ ಆರಿಸುವುದೇ ಆಗಿದೆ ಎಂದಳು. ಎಲ್ಲರೂ ನಕ್ಕರು. ಮತ್ತೆ ವಿಡಿಯೊ ಹಚ್ಚಿದರು.

ನಾನು ಹಲವಾರು ತರಗತಿಗಳಲ್ಲಿ ಕುಳಿತಿದ್ದೇನೆ. ಮಿಶ್ರ ಕಲಿಕೆಯ ಬಗ್ಗೆ ಬರೆದದ್ದನ್ನು ಸಾಕಷ್ಟು ಓದಿದ್ದೇನೆ. ಅವುಗಳಲ್ಲಿ ಬಯಸಿದ್ದೆಲ್ಲ ಆ ಶೆಡ್ಡಿನಲ್ಲಿ ನಡೆಯುತ್ತಿತ್ತು. ಹಾಗಾದರೆ ಪೋರ್ಟಲಿನಲ್ಲಿ ಇವರ ಹೆಸರು ಯಾಕಿಲ್ಲ? ಮೊಬೈಲಿನಲ್ಲಿ ಯಾರ ಲಾಗಿನ್ ಇದೆ ಎಂದು ಕೇಳಿದೆ. ತಂಗಿ ಪಕ್ಕದವಳನ್ನು ತೋರಿಸಿದಳು.

“ಇವತ್ತು ಇಕೀ ಪಾಳಿ. ನಿನ್ನೆ ನಂದಿತ್ತು. ನಾಳೆ ಆ ತುದೀಗಿ ಕುಂತಾಳಲ್ಲ, ಆಕೀದು.”

ನಮ್ಮ ಊರಿನಲ್ಲಿ ದ್ರಾಕ್ಷಿ ತೋಟದ ನೀರಿಗೆ ಪಾಳಿ ಇದೆ, ಓಣಿಯ ನಳಕ್ಕೆ ಪಾಳಿ ಇದೆ. ಒಂದೇ ವಸ್ತು ಹಲವರಿಗೆ ಬೇಕಾದಾಗ ದಿನಕ್ಕೊಬ್ಬರಂತೆ ಹಂಚಿಕೊಳ್ಳುವುದು ನ್ಯಾಯವೆಂದು ಅಲ್ಲಿ ಹುಟ್ಟಿದವರು ಕೇಳದೆಯೇ ತಿಳಿದಿರುತ್ತಾರೆ. ಒಂದು ಮೊಬೈಲು, ಒಮ್ಮೆಗೆ ಒಂದೇ ಲಾಗಿನ್. ಆದ್ದರಿಂದ ಲಾಗಿನ್ನಿಗೂ ಪಾಳಿ ಮಾಡಿಕೊಂಡಿದ್ದರು. ಯಾವಾಗಲೂ ಒಬ್ಬಳದೇ ಲಾಗಿನ್ ಇಟ್ಟಿದ್ದರೆ ಒಬ್ಬಳಾದರೂ ಉಳಿಯುತ್ತಿದ್ದಳು. ನ್ಯಾಯವಾಗಿ ನಡೆದುಕೊಂಡಿದ್ದರಿಂದ ಐವರಲ್ಲಿ ಒಬ್ಬಳ ಹಾಜರಿಯೂ ಸಾಲುವಂತಿರಲಿಲ್ಲ.

ಉಳಿದವರ ಹಾಜರಿಯ ಗತಿ ಏನೆಂದು ಕೇಳಿದೆ.

“ಹಾಜರಿಗೇನಾತು? ಎಲ್ಲಾರೂ ಇಲ್ಲೇ ಅದೀವಲ್ಲ” ಎಂದಳು ತಂಗಿ.

ಪ್ರತಿಯೊಬ್ಬರ ಲಾಗಿನ್ನಿನಲ್ಲಿಯೂ ಅದೇ ವಿಡಿಯೊವನ್ನು ಮತ್ತೆ ಓಡಿಸಬೇಕೆಂದು ಹೇಳಿದೆ. ಮೊಬೈಲು ಯಾರದಾಗಿತ್ತೋ ಅವಳು, ನಮ್ಮ ಹಿಂದಿನ ಓಣಿಯ ಮುಸಲ್ಮಾನರ ಮನೆಯ ಹುಡುಗಿ, ತಲೆಯ ಮೇಲಿನ ದುಪಟ್ಟಾ ಸರಿಪಡಿಸಿಕೊಂಡು ನನ್ನ ಕಡೆ ನೋಡಿದಳು.

“ಕೇಳಿದ್ದ ಪಾಠಾನ ಮತ್ತ ಮತ್ತ ಓಡಸಬೇಕೇನ್ ಅಕ್ಕಾ? ಯಾರ ಕೇಳಾಕ? ಮಣೂಕ ಕೇಳತಾವೇನು? ದಿನದ ನೆಟ್ಟು ಒಂದ ಸಲಕ್ಕ ಮುಗೀತದ.”

ಅವ್ವ ಕೆಲಸದಿಂದ ತಲೆ ಎತ್ತದೆಯೇ, ಹುಡುಗಿಯರಿಗೆ ಸುಳ್ಳು ಹಾಜರಿ ಹಾಕಿಸುವುದನ್ನು ಕಲಿಸಬೇಡ ಎಂದು ನನಗೆ ಹೇಳಿದಳು. ಶೆಡ್ಡಿನಲ್ಲಿ ಯಾರು ಕುಳಿತಿರುತ್ತಾರೋ ಅವರದು ಹಾಜರಿ. ಅವಳಿಗೆ ಗೊತ್ತಿದ್ದ ಲೆಕ್ಕ ಅದು. ನಾನು ಎಲ್ಲವನ್ನೂ ವರದಿ ಮಾಡುತ್ತೇನೆ, ಮಾರ್ಗದರ್ಶಕರು ಸರಿಪಡಿಸುತ್ತಾರೆ ಎಂದು ಭರವಸೆ ಕೊಟ್ಟೆ. ನನಗೆ ಆಗ ಅದರಲ್ಲಿ ಸಂದೇಹವಿರಲಿಲ್ಲ.

ವರದಿಯನ್ನು ಬಹಳ ಎಚ್ಚರಿಕೆಯಿಂದ ಬರೆದೆ. ‘ಸಾಮೂಹಿಕ ಶ್ರವಣದ ಮೂಲಕ ಕಲಿಕೆ’ ಎಂದು ಶೀರ್ಷಿಕೆ ಕೊಟ್ಟೆ. ಮಾರ್ಗದರ್ಶಕರು ಓದಿ, ಭಾಷೆ ಸುಧಾರಿಸಿದೆ ಎಂದು ಮೆಚ್ಚಿದರು. ಆಮೇಲೆ ಹೇಳಿದರು: ನಮ್ಮ ಅಧ್ಯಯನದ ಘಟಕ ಒಬ್ಬ ವಿದ್ಯಾರ್ಥಿ, ಗುಂಪಲ್ಲ. ಗುಂಪನ್ನು ಒಳಗೆ ತಂದರೆ ಬಬಲೇಶ್ವರದ ಅಂಕಿಗಳನ್ನೂ ಮತ್ತೆ ನೋಡಬೇಕಾಗುತ್ತದೆ. ಅಡಿಟಿಪ್ಪಣಿಯಲ್ಲಿ ಒಂದು ಸಾಲು ಹಾಕೋಣ. ಕಾಲೇಜಿಗೆ ತಿಳಿಸಬೇಕಲ್ಲವೇ ಎಂದು ಕೇಳಿದ್ದಕ್ಕೆ, ಸಂಶೋಧಕರು ಕ್ಷೇತ್ರದಲ್ಲಿ ಹಸ್ತಕ್ಷೇಪ ಮಾಡಬಾರದೆಂದು ನೆನಪಿಸಿದರು. ನಾನೇ ಕಾಲೇಜಿಗೆ ಹೋಗಿ ಪ್ರಾಚಾರ್ಯರಿಗೆ ತಿಳಿಸಿದೆ. ಅವರು ಚಹಾ ತರಿಸಿ, ಪೋರ್ಟಲ್ ತಮ್ಮ ಕೈಯಲ್ಲಿಲ್ಲ, ವಿಶ್ವವಿದ್ಯಾಲಯದಿಂದ ಪತ್ರ ಬಂದರೆ ನೋಡೋಣ ಎಂದರು.

ಅಷ್ಟರಲ್ಲಿ ಆಂತರಿಕ ಪರೀಕ್ಷೆ ಬಂತು. ಐವರೂ ಚೆನ್ನಾಗಿ ಬರೆದರು. ತೊಂದರೆಯಾದದ್ದೇ ಅದರಿಂದ. ಪ್ರಯೋಗದ ಭಾಗವಾಗಿ ಅಂಕಗಳನ್ನು ಪೋರ್ಟಲಿನ ಹಾಜರಿಯ ಜೊತೆ ಹೋಲಿಸಿ ನೋಡುವ ಪದ್ಧತಿ ಇತ್ತು. ವಿಡಿಯೊ ನೋಡದವರಿಗೆ ಇಷ್ಟು ಅಂಕ ಹೇಗೆ ಬಂದವು ಎಂದು ಕಾಲೇಜಿನವರು ಉತ್ತರ ಪತ್ರಿಕೆಗಳನ್ನು ತೆಗೆಸಿದರು. ಐದರಲ್ಲಿಯೂ ಉಪ್ಪು ಮತ್ತು ಮಣೂಕದ ಉದಾಹರಣೆ ಇತ್ತು. ಪಠ್ಯಪುಸ್ತಕದಲ್ಲಿ ಅದು ಇರಲಿಲ್ಲ, ವಿಡಿಯೊದಲ್ಲಿಯೂ ಇರಲಿಲ್ಲ. ನಕಲು ಎಂದು ತೀರ್ಮಾನಿಸಿ, ಐವರ ಹಾಲ್ ಟಿಕೆಟನ್ನೂ ತಡೆದರು.

ವಿಚಾರಣೆ ಪ್ರಾಚಾರ್ಯರ ಕೋಣೆಯಲ್ಲಿ ನಡೆಯಿತು. ಮಾರ್ಗದರ್ಶಕರು ವಿಜಯಪುರದಿಂದ ಬಂದಿದ್ದರು. ಕಡತ ಹಿಡಿದುಕೊಂಡು ಅವರ ಹಿಂದೆ ನಾನು. ಹುಡುಗಿಯರು ಗೋಡೆಗೆ ಸಾಲಾಗಿ ನಿಂತಿದ್ದರು. ಮೊದಲು ಬರೆದವರು ಯಾರು, ನೋಡಿ ಬರೆದವರು ಯಾರು ಎಂದು ಮಾರ್ಗದರ್ಶಕರು ತಮ್ಮ ಮೃದುವಾದ ದನಿಯಲ್ಲಿ ಕೇಳಿದರು. ತಂಗಿ ಸಾಲಿನಿಂದ ಮುಂದೆ ಬಂದಳು.

“ಯಾರೂ ನೋಡಿ ಬರದಿಲ್ಲರಿ ಸರ್. ನಾ ಹೇಳಿಕೊಟ್ಟೀನ್ರಿ, ಅವರು ಕೇಳ್ಯಾರ್ರಿ. ಕೇಳಿದ್ದು ನೆಪ್ಪಿತ್ತು, ಬರದಾರ್ರಿ.”

“ಎಲ್ಲಿ ಹೇಳಿಕೊಟ್ಟೆ?”

“ಶೆಡ್ಡಿನ್ಯಾಗ್ರಿ.”

ಶೆಡ್ಡಿನಲ್ಲಿ ಕಲಿತಿದ್ದಾರೆ ಎನ್ನುವುದಕ್ಕೆ ಯಾವ ದಾಖಲೆ ಇದೆ ಎಂದು ಅವರು ಪ್ರಾಚಾರ್ಯರ ಕಡೆಗೆ ತಿರುಗಿ ಕೇಳಿದರು. ಆಗ ನಾನು, ಕಟ್ಟಿಕೊಂಡಿದ್ದ ವಾಕ್ಯಗಳೆಲ್ಲ ಮರೆತುಹೋಗಿ, ನನ್ನ ಊರಿನ ಮಾತಿನಲ್ಲಿಯೇ ಹೇಳಿದೆ: “ನಾ ಕಣ್ಣಾರೆ ನೋಡೇನ್ರಿ ಸರ್. ಬರದೂ ಕೊಟ್ಟೇನಿ.”

ಮಾರ್ಗದರ್ಶಕರಿಗೆ ಕೋಪ ಬರಲಿಲ್ಲ.

“ನೀವು ಆಕೆಯ ಅಕ್ಕ. ನಿಮ್ಮ ವೀಕ್ಷಣೆಯನ್ನು ಪುರಾವೆಯೆಂದು ಒಪ್ಪಿದರೆ ನಾಳೆ ನಿಮ್ಮ ಪ್ರಬಂಧವನ್ನೇ ಯಾರೂ ಒಪ್ಪುವುದಿಲ್ಲ. ನಿಮ್ಮ ಹಿತಕ್ಕಾಗಿ ಹೇಳುತ್ತಿದ್ದೇನೆ, ಕುಳಿತುಕೊಳ್ಳಿ.”

ಕುಳಿತುಕೊಳ್ಳಲು ಅಲ್ಲಿ ಕುರ್ಚಿ ಇರಲಿಲ್ಲ.

ಪ್ರಾಚಾರ್ಯರು ಕೆಟ್ಟವರಲ್ಲ, ಪ್ರಕರಣ ಬೇಗ ಮುಗಿದರೆ ಸಾಕೆಂದಿದ್ದವರು. ಅವರೇ ಒಂದು ದಾರಿ ಹುಡುಕಿದರು. ಹಾಜರಿಯ ಕೊರತೆಯನ್ನು ಗ್ರಾಮೀಣ ಅನಾನುಕೂಲತೆಯೆಂದು ಮನ್ನಿಸಲು ತಮಗೆ ಅವಕಾಶವಿದೆ. ಆದರೆ ನಕಲಿನ ದೂರು ಕಾಗದಕ್ಕೆ ಬಂದಿದೆ. ಯಾರಾದರೊಬ್ಬರು ಹೊಣೆ ಹೊರಬೇಕು. ಪರೀಕ್ಷೆಯ ಕೋಣೆಯಲ್ಲಿ ತಾನೇ ಉತ್ತರ ತೋರಿಸಿದೆನೆಂದು ಒಬ್ಬಳು ಬರೆದುಕೊಟ್ಟರೆ, ಅವಳೊಬ್ಬಳನ್ನು ಈ ವರ್ಷ ತಡೆದು, ಉಳಿದವರಿಗೆ ಎಚ್ಚರಿಕೆ ಕೊಟ್ಟು ಪರೀಕ್ಷೆಗೆ ಕೂಡಿಸಬಹುದು. ಹೀಗೆ ಹೇಳಿ ಅವರು ಯಾರ ಕಡೆಗೂ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ. ಹೇಳಿಕೊಟ್ಟವಳು ತಾನೆಂದು ತಂಗಿ ಆಗಲೇ ಹೇಳಿಯಾಗಿತ್ತು.

“ಉಳದಾರಿಗೆ ಹಾಲ್ ಟಿಕೆಟ್ ಕೊಡತೀರಿ ಹೌದಿಲ್ರಿ? ಖರೇನ?”

ಖರೆ ಎಂದರು ಪ್ರಾಚಾರ್ಯರು. ಅವಳು ಮೇಜಿನ ಮೇಲೆ ಬಾಗಿ ನಿಂತು ಬರೆಯತೊಡಗಿದಳು. ನಾನು ಹೋಗಿ ಅವಳ ಮುಂಗೈ ಹಿಡಿದೆ.

“ಬಿಡಕ್ಕಾ. ನಿನ್ನ ಪುಸ್ತಕಾನೂ ಮುಗೀಬೇಕಲ್ಲ” ಎಂದಳು, ನನಗಷ್ಟೇ ಕೇಳುವಂತೆ. ನನ್ನ ಪ್ರಬಂಧಕ್ಕೆ ಅವಳು ಪುಸ್ತಕ ಎನ್ನುತ್ತಿದ್ದಳು.

ಹೊರಗೆ ಬಂದ ಮೇಲೆ ಮೊಬೈಲಿನ ಹುಡುಗಿ ಒಳಗೆ ಹೋಗಿ ಆ ಕಾಗದವನ್ನು ಹರಿದು ಹಾಕುತ್ತೇನೆಂದು ಹಟ ಹಿಡಿದಳು. ತಂಗಿ ಅವಳಿಗೆ ಬೈದು ಕಳಿಸಿದಳು. “ಸುಮ್ಮ ಹೋಗಿ ಓದ್ಕೋ ಲೇ. ನಪಾಸಾಗಿ ನನ್ನ ಮಾನಾ ಕಳೀಬ್ಯಾಡ.” ನಾಲ್ವರೂ ಅಳುತ್ತಿದ್ದರು. ಅವಳು ಅಳಲಿಲ್ಲ. ಮನೆಯವರೆಗೂ ನನಗಿಂತ ಮುಂದೆ ನಡೆದಳು.

ಅಪ್ಪ ಸಂಜೆ ಕೆಲಸದಿಂದ ಬಂದು ಕೈಗೆ ಮೆತ್ತಿದ್ದ ಸಿಮೆಂಟು ತೊಳೆದುಕೊಳ್ಳುತ್ತಿದ್ದ. ನಾನು ಎಲ್ಲವನ್ನೂ ವಿವರಿಸಿದೆ: ಪೋರ್ಟಲ್, ಲಾಗಿನ್, ಪಾಳಿ, ಉದಾಹರಣೆ. ಅವ್ವ ಶೆಡ್ಡಿನಲ್ಲಿ ತಾನು ಎದುರಿಗೇ ಇದ್ದೆನೆಂದು, ಬೇಕಾದರೆ ಬಂದು ಹೇಳುತ್ತೇನೆಂದು ಒಂದೇ ಸಮನೆ ಹೇಳುತ್ತಿದ್ದಳು. ಅಪ್ಪ ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ.

“ಸಹಿ ಮಾಡ್ಯಾಳೋ ಇಲ್ಲೋ?”

“ಮಾಡ್ಯಾಳ.”

“ಆತು ಹಂಗಾರ.”

ಹೆಬ್ಬೆಟ್ಟು ಒತ್ತುತ್ತಿದ್ದ ತಂದೆಯ ಮಗ ಅವನು. ತನ್ನ ಹೆಸರು ಬರೆಯುವುದನ್ನು ದೊಡ್ಡವನಾದ ಮೇಲೆ ಕಲಿತವನು. ಓದಿದವರು ಸಹಿ ಮಾಡಿದರೆ ಅದು ನಿಜವಾಗಿರುತ್ತದೆ ಎಂಬುದನ್ನು ಅವನ ತಲೆಯಿಂದ ಕಿತ್ತುಹಾಕಲು ನನ್ನಿಂದ ಆಗಲಿಲ್ಲ. ನಾನೇ ಆ ನಂಬಿಕೆಯನ್ನು ಮನೆಗೆ ತಂದವಳು. ಸಹಿ ಹಾಕುವ ಮುನ್ನ ಓದಬೇಕು, ಹಾಕಿದ ಮೇಲೆ ಮಾತಿಲ್ಲ ಎಂದು ನಾನೇ ಅವನಿಗೆ ಹೇಳುತ್ತಿದ್ದೆ.

ಕೆಲವು ತಿಂಗಳ ನಂತರ ವಿಜಯಪುರದಲ್ಲಿ ಮಿಶ್ರ ಕಲಿಕೆಯ ಬಗ್ಗೆ ಒಂದು ವಿಚಾರ ಸಂಕಿರಣ ಏರ್ಪಟ್ಟಿತು. ಮಾರ್ಗದರ್ಶಕರು ನಮ್ಮ ಅಧ್ಯಯನವನ್ನು ಮಂಡಿಸಿದರು. ಗ್ರಾಮೀಣ ವಿದ್ಯಾರ್ಥಿನಿಯರಲ್ಲಿ ಆನ್‌ಲೈನ್ ಪಾಠದ ಬಗ್ಗೆ ಆಸಕ್ತಿ ಕಡಿಮೆ, ಆ ಕೊರತೆಯನ್ನು ಅವರು ನಕಲಿನಿಂದ ತುಂಬಿಕೊಳ್ಳುವ ಪ್ರವೃತ್ತಿ ಇದೆ, ಇದು ಒಬ್ಬ ವಿದ್ಯಾರ್ಥಿನಿಯ ಲಿಖಿತ ಹೇಳಿಕೆಯಿಂದಲೂ ದೃಢಪಟ್ಟಿದೆ ಎಂದು ಹೇಳಿದರು. ಹೆಸರನ್ನು ಮರೆಮಾಡಿದ್ದರು; ಸಂಶೋಧನೆಯ ನೀತಿಯನ್ನು ಅವರು ಎಂದೂ ಮೀರುವವರಲ್ಲ. ಅಕ್ಷರ ಮಾತ್ರ ನನ್ನ ತಂಗಿಯದು, ತೆರೆಯ ಮೇಲೆ ಗೋಡೆಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ಸ್ಲೈಡ್ ಬದಲಿಸುವ ಕೆಲಸವನ್ನು ನನಗೆ ವಹಿಸಿದ್ದರು. ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಿಂದ ಒಬ್ಬ ಪ್ರಾಧ್ಯಾಪಕರು, ಹೆಣ್ಣುಮಕ್ಕಳಿಗೆ ಪ್ರೇರಣೆ ತುಂಬಲು ಏನು ಮಾಡಬಹುದು ಎಂದು ಕೇಳಿದರು. ಪ್ರೇರಣಾ ವಿಡಿಯೊಗಳನ್ನು ಪೋರ್ಟಲಿಗೆ ಸೇರಿಸುವ ಯೋಜನೆ ಇದೆ ಎಂದು ಮಾರ್ಗದರ್ಶಕರು ಉತ್ತರಿಸಿದರು. ಆಮೇಲೆ ಊಟಕ್ಕೆ ಎದ್ದರು.

ಇಷ್ಟು ನಡೆದ ಮೇಲೆ ನಮ್ಮ ಮನೆಯಲ್ಲಿ ಆದ ಬದಲಾವಣೆ ಹೀಗಿದೆ. ನಾಲ್ವರು ಗೆಳತಿಯರೂ ಪರೀಕ್ಷೆ ಬರೆದು ತೇರ್ಗಡೆಯಾದರು. ಮೊಬೈಲಿನ ಹುಡುಗಿ ವಿಜಯಪುರದಲ್ಲಿ ಬಿ.ಎಡ್. ಮಾಡುತ್ತಿದ್ದಾಳೆ. ನನ್ನ ತಂಗಿ ಮರುವರ್ಷ ಪರೀಕ್ಷೆ ಕಟ್ಟಬಹುದಿತ್ತು. ಅಪ್ಪ ಕಳಿಸಲಿಲ್ಲ, ಅವಳೂ ಕೇಳಲಿಲ್ಲ. ಅವಳನ್ನು ಕನಮಡಿಗೆ ಕೊಟ್ಟರು. ಅವಳ ಗಂಡನ ಮನೆಯವರು ಅವಳನ್ನು ಪಿಯುಸಿ ಓದಿದವಳೆಂದು ಪರಿಚಯಿಸುತ್ತಾರೆ, ಅವಳು ತಿದ್ದುವುದಿಲ್ಲ. ನನಗೆ ಡಾಕ್ಟರೇಟ್ ಬಂತು. ಬಬಲೇಶ್ವರದಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ, ಮನೆ ನನ್ನ ಸಂಬಳದ ಮೇಲೆಯೂ ನಡೆಯುತ್ತದೆ. ಅವ್ವ ಶೆಡ್ಡಿಗೆ ಹೋಗುವುದನ್ನು ಬಿಟ್ಟಿದ್ದಾಳೆ. ತಂಗಿ ನನ್ನೊಡನೆ ಎಲ್ಲ ಮಾತನಾಡುತ್ತಾಳೆ, ಓದಿನ ಬಗ್ಗೆ ಮಾತ್ರ ಮಾತನಾಡುವುದಿಲ್ಲ. ನಮ್ಮ ಮನೆಯಲ್ಲಿ ಪದವಿ ಪಡೆದವಳು ಇಂದಿಗೂ ನಾನೊಬ್ಬಳೇ.